ತಾರಸಿಗೆ ಬಂದ ಶನಿ

ಪಂಚಾಕ್ಷರಿ ಅವತ್ತು ಮಾಡಿದ ತಪ್ಪು ಒಂದೇ. ಪಕ್ಕದ ಮನೆ ಯಶೋದಮ್ಮ ಕೇಳಿದ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟುಬಿಟ್ಟ.

ಎಂಬತ್ತೈದರ ಮೇ ತಿಂಗಳ ಒಂದು ಶನಿವಾರ. ಬಸವೇಶ್ವರನಗರದ ಆ ಬೀದಿಯಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಸರ್ಕಾರಿ ಗುಮಾಸ್ತನಾದ ಪಂಚಾಕ್ಷರಿ, ವರ್ಗವಾಗಿ ಹೊರಟಿದ್ದ ಮೇಷ್ಟರೊಬ್ಬರಿಂದ ಒಂದು ದೂರದರ್ಶಕ ಕೊಂಡು ತಂದಿದ್ದ. ನಾಲ್ಕಡಿ ಉದ್ದದ ಕೊಳವೆ. ಅದರ ಬೆನ್ನ ಮೇಲೆ ಗುರಿ ಹಿಡಿಯಲು ಇನ್ನೊಂದು ಪುಟ್ಟ ಕೊಳವೆ, ಕೂಲಿಯವಳು ಬೆನ್ನಿಗೆ ಕಟ್ಟಿಕೊಂಡ ಕೂಸಿನಂತೆ. ಎರಡೂ ಒಂದೇ ಕಡೆ ನೋಡುವ ಹಾಗೆ ಹಗಲಲ್ಲೇ ಹೊಂದಿಸಿಕೊಳ್ಳಬೇಕೆಂದು ಮೇಷ್ಟರು ಹೇಳಿದ್ದರು. ಅದಕ್ಕೇ ಅವನು ಬೆಳಿಗ್ಗೆಯೇ ತಾರಸಿ ಹತ್ತಿ, ದೂರದ ತೆಂಗಿನಮರವೊಂದಕ್ಕೆ ಗುರಿಯಿಟ್ಟು ನೋಡುತ್ತಿದ್ದ. ಮರ ಒಳಗೆ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡುತ್ತಿತ್ತು.

ಪಕ್ಕದ ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದ ಯಶೋದಮ್ಮ, ಏನು ಕಾಣುತ್ತದೆ ಎಂದು ವಿಚಾರಿಸಿದರು.

“ಈಗ ಬರೀ ಅಭ್ಯಾಸ ಅಮ್ಮ. ಸಂಜೆ ಶನಿ ನೋಡ್ಬೇಕು ಅಂತಿದೀನಿ” ಎಂದ ಪಂಚಾಕ್ಷರಿ.

ಯಶೋದಮ್ಮ ಸಂಡಿಗೆ ಹಿಟ್ಟನ್ನು ಅಲ್ಲೇ ಬಿಟ್ಟು ಕೆಳಗಿಳಿದರು. ಹನ್ನೊಂದು ಗಂಟೆಯೊಳಗೆ ಸುದ್ದಿ ಬೀದಿ ನಲ್ಲಿಗೆ ತಲುಪಿತು. ಅಲ್ಲಿ ಒಂದು ಬಿಂದಿಗೆ ತುಂಬುವಷ್ಟರಲ್ಲಿ, ಪಂಚಾಕ್ಷರಿ ಶನಿಯನ್ನು ನೋಡುತ್ತಾನಂತೆ ಎಂಬುದು ಶನಿಯನ್ನು ಕೆಳಗೆ ಇಳಿಸುತ್ತಾನಂತೆ ಎಂದಾಯಿತು. ನೀರು ಹಿಡಿಯಲು ಹೋಗಿದ್ದ ಅವನ ಹೆಂಡತಿ ನೀಲಮ್ಮನಿಗೆ ಅವಳು ಕೇಳದೆಯೇ ಎಲ್ಲರೂ ಸಾಲು ಬಿಟ್ಟುಕೊಟ್ಟರು. ಯಾವತ್ತೂ ಆಗದ ಆ ಮರ್ಯಾದೆಗೆ ಅವಳು ಹೆದರಿಕೊಂಡೇ ಮನೆಗೆ ಬಂದಳು.

ಊಟದ ಹೊತ್ತಿಗೆ ಮನೆ ಮಾಲೀಕರು ದೊಡ್ಡಹನುಮಯ್ಯನವರೇ ಮೇಲೆ ಬಂದರು. ಕೆಳಗಿನ ಮನೆಯಲ್ಲಿ ಅವರ ವಾಸ. ಮುಖ್ಯರಸ್ತೆಯಲ್ಲಿ ಅವರದೊಂದು ಹಿಟ್ಟಿನ ಗಿರಣಿ. ಒಳ್ಳೆಯ ಮನುಷ್ಯ. ಆದರೆ ಎರಡೂವರೆ ವರ್ಷದಿಂದ ಅವರಿಗೆ ಏಳೂವರೆ ಶನಿ ಹಿಡಿದಿತ್ತು. ಗಿರಣಿಯ ಮೋಟಾರು ಎರಡು ಸಲ ಸುಟ್ಟಿತ್ತು, ಕೊರೆಸಿದ ಬಾವಿಯಲ್ಲಿ ಬರೀ ಧೂಳು ಬಂದಿತ್ತು, ಮಗಳಿಗೆ ಕೂಡಿಬಂದ ಸಂಬಂಧ ಮೂರು ಸಲ ಮುರಿದಿತ್ತು. ಪ್ರತಿ ಶನಿವಾರ ಉಪವಾಸವಿದ್ದು ಎಳ್ಳೆಣ್ಣೆ ದೀಪ ಹಚ್ಚಿ ಬರುತ್ತಿದ್ದರು.

“ಅವನು ನನ್ನ ನೋಡ್ತಿರೋದೇ ಸಾಕಾಗಿದೆ ಪಂಚಾಕ್ಷರಿಯವ್ರೇ. ನೀವು ಬೇರೆ ಹೋಗಿ ಅವನನ್ನ ಕೆಣಕ್ಬೇಡಿ. ಅದೂ ನನ್ನ ತಾರಸಿ ಮೇಲೆ” ಎಂದು ಮೆಲ್ಲಗೆ ಹೇಳಿ, ತಾರಸಿಯ ಬಾಗಿಲಿಗೆ ಬೀಗ ಹಾಕಿ, ಬೀಗದಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಇಳಿದುಹೋದರು.

ಬಿಸಿಲಿಗೆ ಹೆದರಿ ಕೊಳವೆಯನ್ನು ಮೊದಲೇ ಕೆಳಗೆ ತಂದಿಟ್ಟಿದ್ದು ಪುಣ್ಯ. ಎದುರಿನ ಖಾಲಿ ಸೈಟು ಯಾರಪ್ಪನ ತಾರಸಿಯೂ ಅಲ್ಲವಲ್ಲ ಎಂದುಕೊಂಡ ಪಂಚಾಕ್ಷರಿ, ಸಂಜೆ ಕೊಳವೆಗೆ ಬಿಳಿ ಪಂಚೆ ಸುತ್ತಿ, ತಲೆಯ ಕಡೆ ತಾನು ಹಿಡಿದು, ಕಾಲ ಕಡೆ ನೀಲಮ್ಮನಿಗೆ ಹಿಡಿಸಿ ಹೊರಟ. ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ಗಕ್ಕನೆ ಇಳಿದು, ಚಪ್ಪಲಿ ಬಿಟ್ಟು, ತಲೆತಗ್ಗಿಸಿ ನಿಂತ. ನೀಲಮ್ಮ ನಾಚಿಕೆಯಿಂದ ಸತ್ತೇಹೋದಳು. ಸೈಟಿನಲ್ಲಿ ಸ್ಟ್ಯಾಂಡು ನಿಲ್ಲಿಸುವ ಹೊತ್ತಿಗೆ ಸರಿಯಾಗಿ, ಮೂರು ತಿಂಗಳಿಂದ ಕೆಟ್ಟಿದ್ದ ಬೀದಿದೀಪ ಹತ್ತಿಕೊಂಡು ಅವನ ಕಣ್ಣಿಗೇ ರಾಚಿತು. ಹೋದ ಹಾಗೆಯೇ ಮೆರವಣಿಗೆ ವಾಪಸಾಯಿತು.

ಏಳೂವರೆಗೆ ಯಾರೋ ಬಾಗಿಲು ತಟ್ಟಿದರು. ದೊಡ್ಡಹನುಮಯ್ಯ. ಕೈಯಲ್ಲಿ ಬೀಗದಕೈ.

“ನಿಜವಾಗ್ಲೂ ಕಾಣ್ತಾನಾ?” ಎಂದು ಕೇಳಿದರು.

ಇಬ್ಬರೂ ಕೊಳವೆ ಹೊತ್ತುಕೊಂಡು ಸದ್ದಿಲ್ಲದೆ ಮೇಲೆ ಹತ್ತಿದರು. ರಾಜಾಜಿನಗರದ ದಿಕ್ಕಿನಲ್ಲಿ ಹಳದಿಯ ಚುಕ್ಕೆಯೊಂದು ಮಿನುಗದೆ ನಿಂತಿತ್ತು. ಹೊಸಬನ ಕೈ, ಮುಟ್ಟಿದರೆ ಚುಕ್ಕೆ ಚಂಗನೆ ಹಾರಿಹೋಗುತ್ತಿತ್ತು, ಉಸಿರು ತಾಗಿದರೆ ನಡುಗುತ್ತಿತ್ತು. ಕಾಲು ಗಂಟೆ ಒದ್ದಾಡಿದ ಮೇಲೆ ಪುಟ್ಟ ಕೊಳವೆಯ ನಡುವೆ ಅದು ಬಂದು ನಿಂತಿತು. ದೊಡ್ಡ ಕೊಳವೆಗೆ ಕಣ್ಣಿಡಲು ಬಗ್ಗಿದ ಪಂಚಾಕ್ಷರಿ, ಪಕ್ಕದಲ್ಲಿ ಕೈಮುಗಿದು ನಿಂತಿದ್ದವರ ಮುಖ ನೋಡಿ ತಾನೇ ಹಿಂದೆ ಸರಿದ.

ದೊಡ್ಡಹನುಮಯ್ಯ ಬಹಳ ಹೊತ್ತು ನೋಡಿದರು.

“ಬಳೆ ತೊಟ್ಕೊಂಡಿದಾನೆ” ಎಂದರು ಕೊನೆಗೆ, ತೊಟ್ಟಿಲೊಳಗೆ ಇಣುಕಿದವರ ದನಿಯಲ್ಲಿ. “ಇಷ್ಟೇ ಇಷ್ಟಿದಾನಲ್ಲ. ಎಷ್ಟು ದೂರ?”

“ನೂರ ಮೂವತ್ತು ಕೋಟಿ ಕಿಲೋಮೀಟರ್.”

“ಅಲ್ಲಿಂದ ಅವನಿಗೆ ನನ್ನ ಗಿರಣಿ ಕಾಣ್ತದಾ?”

“ಅಲ್ಲಿಂದ ನೋಡಿದ್ರೆ ನಮ್ಮ ಭೂಮಿನೇ ಒಂದು ಚುಕ್ಕಿ ಯಜಮಾನ್ರೇ. ಅವನಿಗೆ ನಾವು ಇರೋದೇ ಗೊತ್ತಿಲ್ಲ.”

ದೊಡ್ಡಹನುಮಯ್ಯ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕುಸಿದು ಕೂತರು. ಅವರ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷ ಹಗಲಿರುಳು ಹೆದರಿದ್ದು ಯಾರಿಗೆ? ತನ್ನ ಪಾಡಿಗೆ ತಾನು ಬಳೆ ತೊಟ್ಟುಕೊಂಡು ತಿರುಗುತ್ತಿರುವ ಒಂದು ಒಂಟಿ ಜೀವಕ್ಕೆ. ತಾನಿನ್ನೂ ನೋಡದಿದ್ದರೇನಂತೆ, ಒಬ್ಬ ಮನುಷ್ಯನ ಎದೆಯ ಮೇಲಿನ ಚಪ್ಪಡಿಕಲ್ಲನ್ನು ತನ್ನ ಕೊಳವೆ ಎತ್ತಿಹಾಕಿತಲ್ಲ ಎನಿಸಿ ಪಂಚಾಕ್ಷರಿಗೆ ಯಾವ ನಕ್ಷತ್ರವೂ ಕೊಡದ ಸಂತೋಷವಾಯಿತು.

“ಹಾಗಾದ್ರೆ ನನಗೆ ಕಾಟ ಕೊಟ್ಟಿದ್ದು ಇವನಲ್ಲ” ಎಂದರು ದೊಡ್ಡಹನುಮಯ್ಯ.

“ಖಂಡಿತ ಅಲ್ಲ.”

“ಪಾಪ, ಸುಮ್ನೆ ಬೈದೆ.” ಅವರು ಬೆರಳು ಮಡಿಸಿ ಏನನ್ನೋ ಎಣಿಸತೊಡಗಿದರು. ಎರಡು ಸಲ ಎಣಿಸಿದರು. “ಪಂಚಾಕ್ಷರಿಯವ್ರೇ, ನೀವು ಈ ಮನೆಗೆ ಬಂದಿದ್ದು ಎಂಬತ್ತೆರಡರ ದೀಪಾವಳಿಗೆ ಅಲ್ವಾ?”

“ಹೌದು” ಎಂದ ಮೇಲೆಯೇ ಅವನಿಗೆ ಹೊಳೆದದ್ದು.

“ಮೋಟಾರು ಮೊದಲ್ನೇ ಸಲ ಸುಟ್ಟಿದ್ದು ಆ ತಿಂಗಳೇ” ಎಂದರು ದೊಡ್ಡಹನುಮಯ್ಯ, ಕೋಪವಿಲ್ಲದೆ, ಲೆಕ್ಕ ಸರಿಹೋದವರ ಸಮಾಧಾನದಲ್ಲಿ. ಇದೇ ತಿಂಗಳೊಳಗೆ ಬೇರೆ ಮನೆ ನೋಡಿಕೊಂಡರೆ ಉಪಕಾರವಾಗುತ್ತದೆ ಎಂದೂ ಹೇಳಿದರು.

ಪಂಚಾಕ್ಷರಿ ಬಗ್ಗಿ ಕೊಳವೆಗೆ ಕಣ್ಣಿಟ್ಟ. ಭೂಮಿ ಅಷ್ಟರಲ್ಲಿ ತಿರುಗಿಬಿಟ್ಟಿತ್ತು. ಒಳಗೆ ಕಪ್ಪು ಬಿಟ್ಟರೆ ಏನೂ ಇರಲಿಲ್ಲ.

ದೊಡ್ಡಹನುಮಯ್ಯ ಮೆಟ್ಟಿಲವರೆಗೆ ಹೋದವರು ತಿರುಗಿ ನಿಂತರು.

“ಇದನ್ನ ಮಾತ್ರ ಬೇಕಾದ್ರೆ ಇಲ್ಲೇ ಬಿಟ್ಟೋಗಿ” ಎಂದರು. “ಇದರದೇನೂ ತಪ್ಪಿಲ್ಲ.”