ಸಾಲಿನಲ್ಲಿ ಖಾಲಿ ಕ್ಯಾನು

ಇದು ನಡೆದದ್ದು ಕಳೆದ ವರ್ಷ, ಗೌರಿ ಹಬ್ಬಕ್ಕೂ ದೀಪಾವಳಿಗೂ ನಡುವೆ. ಎಂ.ಎಸ್ಸಿ. ಮುಗಿಸಿ ಮೈಸೂರಿನ ಒಂದು ಸಂಶೋಧನಾ ತಂಡಕ್ಕೆ ಸೇರಿದ್ದೆ. ವಯಸ್ಸಾದವರ ನೆನಪಿನ ಶಕ್ತಿ ಹೇಗಿದೆ, ಅವರು ಎಲ್ಲಿ ಕೂರುತ್ತಾರೆ, ಯಾರ ಜೊತೆ ಮಾತಾಡುತ್ತಾರೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಉಂಟೇ ಎಂದು ನೋಡುವುದು ನಮ್ಮ ಕೆಲಸ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕಿನ ಊರುಗಳು ನನ್ನ ಪಾಲಿಗೆ ಬಂದವು.

ಪರೀಕ್ಷೆ ಸರಳ. ಇವತ್ತು ಯಾವ ವಾರ, ಯಾವ ತಾರೀಕು ಎಂದು ಕೇಳಬೇಕು. ಐದು ಪದ ಹೇಳಿ ಸ್ವಲ್ಪ ಹೊತ್ತು ಬಿಟ್ಟು ವಾಪಸು ಕೇಳಬೇಕು. ಒಂದು ಗಡಿಯಾರದ ಚಿತ್ರ ಬರೆಸಬೇಕು. ನಿಯಮ ಒಂದೇ: ಕೋಣೆಯಲ್ಲಿ ಕೇಳುವವರು, ಹೇಳುವವರು ಇಬ್ಬರೇ ಇರಬೇಕು.

ಈ ನಿಯಮ ಮಾಡಿದವರು ಯಾವ ಊರಿನವರೋ ಗೊತ್ತಿಲ್ಲ. ಅದನ್ನು ಪಾಲಿಸಲು ಹೊರಟ ದಿನವೆಲ್ಲ ನನಗೆ ಏನಾದರೊಂದು ಆಗುತ್ತಲೇ ಇತ್ತು.

೧. ಹಗಲಲ್ಲಿ ಮುಚ್ಚಿದ ಬಾಗಿಲು

ಹೆಮ್ಮರಗಾಲದ ಕಡೆಯ ಒಂದು ಊರು. ಮೊದಲ ಮನೆಯಲ್ಲಿ ಒಬ್ಬ ತಾತ ಸಿಕ್ಕರು. ಖುಷಿಯಾಗಿ ಒಪ್ಪಿದರು.

"ತಾತ, ಬಾಗಿಲು ಹಾಕ್ಲಾ?"

"ಅಗಲೊತ್ನಲ್ಲಾ?" ಎಂದರು. ಆಮೇಲೆ, "ಆಕಿ, ನಿಮ್ಮಿಷ್ಟ" ಎಂದರು.

ಆ ಊರಿನಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಸದ್ದು ಬೇಡವೆಂದು ಬಾಗಿಲು ಹಾಕಿದೆ. ಬಾಗಿಲು ಹಾಕಿದ್ದರಿಂದಲೇ ಬೀದಿ ಸೇರಿತು.

"ಯಾಕ್ಲಾ ಬಾಗ್ಲಾಕವ್ರೆ? ಪಾಲು ಮಾಡ್ತಾವ್ರಾ?" ಎಂದಿತು ಒಂದು ದನಿ.

"ಬ್ಯಾಂಕ್ನೋರು ಬಂದಿರ್ಬೇಕು."

"ಅಯ್ಯೋ, ತಾತ ಓಗ್ಬುಟ್ನಾ?"

ತಾತ ಒಳಗಿನಿಂದಲೇ ಕೂಗಿದರು: "ಇಲ್ಲ ಕಣ್ಲಾ, ಇನ್ನೂ ಇವ್ನಿ!"

ಅಷ್ಟು ಹೊತ್ತಿಗೆ ಕಿಟಕಿಯಲ್ಲಿ ತಲೆಗಳು ತುಂಬಿದ್ದವು. ನಾನು ದನಿ ತಗ್ಗಿಸಿ, "ಇವತ್ತು ಯಾವ ವಾರ?" ಎಂದು ಕೇಳಿದೆ. ತಾತ ಹಣೆ ಉಜ್ಜಿಕೊಂಡರು.

"ಬುದ್ವಾರ!" ಎಂದಿತು ಕಿಟಕಿ.

"ಗುರ್ವಾರ ಕಣ್ಲಾ. ನೆನ್ನೆ ತಾನೆ ನಂಜನಗೂಡ್ಗೆ ಓಗಿರ್ನಿಲ್ವಾ ನೀನು?"

"ನೆನ್ನೆ ಎಲ್ಲೋಗಿದ್ದೆ? ಮನ್ನೆ ಓಗಿದ್ದು!"

ಕಿಟಕಿಯಾಚೆ ಜಗಳ ಶುರುವಾಯಿತು. ಒಬ್ಬರು ಗುರುವಾರಕ್ಕೆ ಸಾಕ್ಷಿ ಕರೆತರಲು ಹೋದರು. ಐದು ಪದಗಳನ್ನು ಹೇಳಿದಾಗ ಹೊರಗಿನವರೂ ಸೇರಿ ಬಾಯಿಪಾಠ ಮಾಡಿಕೊಂಡರು. ಅವತ್ತು ಮಂಗಳವಾರ.

ತಾತ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು: "ಸಾ, ನನ್ನ ಬುಡಿ. ಮೊದ್ಲು ಅವರ್ಗೆ ಮಾಡಿ ಪರೀಕ್ಸೆಯ. ಅವರ್ಗೇ ಜಾಸ್ತಿ ಅದೆ, ತೊಂದ್ರೆ."

೨. ಗಡಿಯಾರ

ಅದೇ ಊರು, ಹಿಂದಿನ ಬೀದಿ. ಹೊಸ ಮನೆ, ಸುತ್ತ ಕಾಂಪೌಂಡು, ಆಳೆತ್ತರದ ಕಬ್ಬಿಣದ ಗೇಟು. ಮನೆಯ ಯಜಮಾನರು ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದರು. ನನ್ನನ್ನು ಅವರೇ ಹುಡುಕಿಕೊಂಡು ಬಂದಿದ್ದರು.

"ಸಾರ್, ನಮ್ಮಮ್ಮಂಗೆ ಯಾಕೋ ತಲೆ ಸರಿ ಇಲ್ಲ. ಹಸು ಮಾರಿ ಒಂದ್ವರ್ಷ ಆಯ್ತು. ಇವತ್ತಿಗೂ ಬೆಳಿಗ್ಗೆ ಎದ್ದು ಖಾಲಿ ಕ್ಯಾನ್ ತಗೊಂಡು ಹಾಲಿನ ಡೈರಿಗೆ ಹೋಗ್ತಾರೆ."

"ಹೋಗಿ?"

"ಸಾಲಲ್ಲಿ ಇಡ್ತಾರೆ! ಸರದಿ ಹತ್ರ ಬಂತು ಅಂದ್ರೆ ಎತ್ತಿ ಹಿಂದಕ್ಕೆ ಇಡ್ತಾರೆ. ಎಲ್ಲರ ಹಾಲು ಮುಗಿಯೋವರೆಗೂ ಇದೇ ಕೆಲಸ. ಊರೆಲ್ಲ ಆಡ್ಕೊತಾ ಇದೆ. ನಾಳೆ ಹಿಂಗೇ ಮೇನ್ ರೋಡಿಗೆ ಹೋಗಿ ಲಾರಿ ಮುಂದೆ ನಿಂತ್ಕೊಂಡ್ರೆ ಏನ್ ಸಾರ್ ಮಾಡೋದು?"

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ನಾನು ಏನು ಹೇಳುತ್ತೇನೋ ಅದರ ಮೇಲೆ ಗೇಟಿಗೆ ಬೀಗ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಕಾದಿದ್ದರು. ಬೀಗ ಆಗಲೇ ತಂದಾಗಿತ್ತು.

ಈ ಮನೆಯಲ್ಲಿ ನನ್ನ ನಿಯಮಕ್ಕೆ ತೊಂದರೆಯೇ ಆಗಲಿಲ್ಲ. ಗೇಟು ದಾಟಿ ಯಾರೂ ಬರಲಿಲ್ಲ. ಕೋಣೆಯಲ್ಲಿ ನಾನು ಮತ್ತು ಅಜ್ಜಿ ಇಬ್ಬರೇ. ಎಷ್ಟು ಮೌನವೆಂದರೆ ಫ್ಯಾನು ತಿರುಗುವುದು ಕೇಳುತ್ತಿತ್ತು.

"ಅಜ್ಜಿ, ಇವತ್ತು ಯಾವ ವಾರ?"

"ಯಾವ್ ವಾರ ಆದ್ರೇನಪ್ಪ. ಈ ಗೇಟಿನ ಒಳ್ಗೆ ಎಲ್ಲಾ ವಾರಾನೂ ಒಂದೇಯ."

ತಪ್ಪು ಉತ್ತರ ಎಂದು ಗುರುತು ಹಾಕಿದೆ. ಐದು ಪದಗಳಲ್ಲಿ ಒಂದು ಮಾತ್ರ ವಾಪಸು ಬಂತು. ಗಡಿಯಾರ ಬರೆಯಿರಿ ಎಂದೆ. ಅಜ್ಜಿ ಶ್ರದ್ಧೆಯಿಂದ ದುಂಡಗೆ ಬರೆದರು. ಮಧ್ಯದಲ್ಲಿ ಒಂದು ಹಿಡಿ ಬರೆದರು. ಅಂಕಿ ಇಲ್ಲ, ಮುಳ್ಳಿಲ್ಲ.

"ಇದೇನಜ್ಜಿ?"

"ಕ್ಯಾನಿನ ಮುಚ್ಳ."

"ನಾನು ಹೇಳಿದ್ದು ಗಡಿಯಾರ."

"ನಂಗೆ ಒತ್ತಾಯ್ತು ಅಂತ ಯೋಳೋದು ಇದೇಯ ಕಣಪ್ಪ."

ಅಂಕ ತೀರ ಕಡಿಮೆ ಬಂತು. ನಾನು ಡಾಕ್ಟರಲ್ಲ, ಮೂರು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತೇನೆ ಎಂದೆ. "ಅಲ್ಲಿವರೆಗೂ ಬೀಗ ಇರ್ಲಿ ಸಾರ್, ಸೇಫು" ಎಂದರು ಮಗ.

ಅಜ್ಜಿ ತಾವು ಬರೆದ ಚಿತ್ರವನ್ನು ಕೈ ದೂರ ಮಾಡಿ ನೋಡುತ್ತಿದ್ದರು. "ನಮ್ದು ಇಷ್ಟು ಸೊಟ್ಟ ಇಲ್ಲ" ಎಂದರು.

೩. ಆರನೆಯ ಪದ

ಮರುವಾರ ಮೂಗೂರಿಗೆ ಹೋದೆ. ತಿ. ನರಸೀಪುರ ತಾಲ್ಲೂಕು, ಬೇರೆ ಬಸ್ಸು, ಬೇರೆ ಜನ. ಇಲ್ಲಿ ಎಲ್ಲ ಹೊಸದಾಗಿ ಶುರು ಎಂದುಕೊಂಡೆ. ಒಂದು ಮನೆಯ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಹೆಂಗಸಿನ ಮುಂದೆ ಕೂತೆ.

"ಅಮ್ಮಾ, ನಾನೀಗ ಐದು ಪದ ಹೇಳ್ತೀನಿ..."

"ಬ್ಯಾಡ ಬುಡಿ, ನಾನೇ ಯೋಳ್ತೀನಿ. ಕನ್ನಡಿ, ನೇಗ್ಲು, ರೈಲು, ಮಲ್ಲಿಗೆ, ಬೆಲ್ಲ, ಉಣಸೇಅಣ್ಣು."

ನಾನು ಚೀಲದ ಜಿಪ್ಪು ಕೂಡ ತೆಗೆದಿರಲಿಲ್ಲ.

"ನಿಮಗೆ ಯಾರು ಹೇಳಿದ್ರು?"

"ನಮ್ಮ ನಾದ್ನಿ. ಎಮ್ಮರಗಾಲದ ತಾವ್ಕೇ ಅವ್ಳ್ನ ಕೊಟ್ಟಿರೋದು. ನಿಮ್ಮೂರ್ಗೂ ಬತ್ತಾರೆ, ಕಲ್ತ್ಕೊಂಡಿರಿ ಅಂತ ಪೋನ್ ಮಾಡಿದ್ಲು. ಗಡಿಯಾರ ಬರೀರಿ ಅಂದ್ರೆ ಗಡಿಯಾರ್ವೇ ಬರೀಬೇಕಂತೆ, ಕ್ಯಾನಿನ ಮುಚ್ಳ ಬರುದ್ರೆ ಬೀಗ ಆಕ್ಬುಡ್ತಾರಂತೆ." ಆಮೇಲೆ ಕೈ ನಿಲ್ಲಿಸಿ ಕೇಳಿದರು: "ಆ ಅಜ್ಜಿಗೆ ಬೀಗ ತಗುದ್ರಾ ಸಾ?"

"ಇನ್ನೂ ಇಲ್ಲ."

"ಪಾಪ" ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಒಬ್ಬರ ತಲೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು ಎಂದು ಕೊಟ್ಟ ಪದಗಳು ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಕೆಡದೆ ಬಂದಿದ್ದವು. ಇದನ್ನು ಯಾವ ಶೀರ್ಷಿಕೆಯಲ್ಲಿ ಬರೆಯಬೇಕೆಂದು ತಿಳಿಯಲಿಲ್ಲ. "ಅಮ್ಮಾ, ನಾನು ಕೊಟ್ಟದ್ದು ಐದೇ ಪದ. ಹುಣಸೆಹಣ್ಣು ಇರಲಿಲ್ಲ" ಎಂದೆ.

ಆಕೆ ಬೆರಳು ಮಡಿಸಿ ಎಣಿಸಿ ನೋಡಿದರು. "ಅದು ಅವ್ಳು ಬರ್ವಾಗ ತಕ್ಕಂಡ್ ಬತ್ತೀನಿ ಅಂದಿದ್ಲು. ಅದ್ನೂ ಸೇರ್ಸ್ಬುಟ್ಟೆ."

೪. ಅವಳ ಇಲಾಖೆ

ಬನ್ನೂರಿನಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಪದಗಳನ್ನು ಬದಲಾಯಿಸಿಕೊಂಡು ಹೋಗಿದ್ದೆ. ನಿಯಮದಂತೆ ಗಂಡನನ್ನು ಪಡಸಾಲೆಯಲ್ಲಿ ಕೂರಿಸಿ, ಹೆಂಡತಿಯನ್ನು ಅಡುಗೆಮನೆಯಲ್ಲೇ ಇರಲು ಕೇಳಿಕೊಂಡೆ.

"ಇವತ್ತು ಯಾವ ತಾರೀಕು ತಾತ?"

"ವಾರ ಕೇಳಿ, ಯೋಳ್ತೀನಿ. ತಾರೀಕು ಅವಳ್ದು."

"ಮೊಮ್ಮಕ್ಕಳ ಹೆಸರು?"

"ಗಂಡುಡುಗ್ರುದು ನಂದು. ಎಣ್ಮಕ್ಳುದು ಅವಳ್ದು."

ಅಡುಗೆಮನೆಗೆ ಹೋಗಿ ಹೆಂಡತಿಯನ್ನು ಕೇಳಿದೆ. ತಾರೀಕು ಥಟ್ಟನೆ ಬಂತು. ವಾರ ಕೇಳಿದರೆ, "ಅವ್ರು ಇಲ್ಲೇ ಅವ್ರಲ್ಲ, ಕೇಳ್ಬಾರ್ದಾ?" ಎಂದರು. ಬೇರೆ ಬೇರೆ ಕೂರಿಸಿದರೆ ಇಬ್ಬರಿಗೂ ಅರ್ಧ ಅಂಕ. ಕುತೂಹಲಕ್ಕೆ ಒಟ್ಟಿಗೆ ಕೂರಿಸಿ ಕೇಳಿದೆ. ಒಂದೂ ತಪ್ಪಲಿಲ್ಲ.

ತಂಡದ ಮೇಡಂಗೆ ಫೋನ್ ಮಾಡಿ, ಇಬ್ಬರಿಗೂ ಸೇರಿ ಒಂದೇ ಮೆದುಳು ಎಂದು ಬರೆಯಬಹುದೇ ಎಂದು ಕೇಳಿದೆ. "ಹಾಗೆ ಬರೆಯೋಕೆ ಜಾಗ ಇಲ್ಲ" ಎಂದರು. ಆಮೇಲೆ, "ಆ ಕ್ಯಾನಿನ ಅಜ್ಜಿಯನ್ನ ಕೋಣೆಯಲ್ಲಿ ಮಾತ್ರ ನೋಡಿದ್ದೀಯ ಅಲ್ವಾ? ಅವರು ಹೋಗೋ ಜಾಗದಲ್ಲೂ ಒಮ್ಮೆ ನೋಡು" ಎಂದರು.

ತಾತ ಬಾಗಿಲವರೆಗೆ ಬಂದರು. "ಸಾ, ನಾನು ಪಾಸಾ?"

"ಪಾಸು ಫೇಲು ಏನಿಲ್ಲ ತಾತ."

"ಅವ್ಳು ಪಾಸಾಗಿದ್ರೆ ನನ್ನೂ ಪಾಸು ಅಂತ ಬರ್ಕಳಿ. ಮದ್ವೆ ಆದಾಗ್ಲಿಂದ ಅಂಗೇ ನಡೀತಾ ಅದೆ."

೫. ಡೈರಿ ಸಾಲು

ಮೂರು ವಾರ ಕಳೆದು ಅಜ್ಜಿಯ ಮನೆಗೆ ಹೋದೆ. ಗೇಟಿಗೆ ಬೀಗವಿತ್ತು. "ಈಗ ಊಟ ಮಾಡಿದ್ದೂ ಮರೀತಾರೆ" ಎಂದರು ಸೊಸೆ. "ನೋಡಿದ್ರಾ ಸಾರ್, ಬೀಗ ಹಾಕಿದ್ದೇ ಒಳ್ಳೇದಾಯ್ತು" ಎಂದರು ಮಗ. ನನಗೆ ಅದೇ ಮಾತು ತಿರುವುಮುರುವಾಗಿ ಕಂಡಿತು: ಬೀಗ ಹಾಕಿದ್ದರಿಂದಲೇ ಮರೆವು ಹೆಚ್ಚಿತೇನೋ. ನಾಳೆ ಒಂದೇ ಒಂದು ಬೆಳಿಗ್ಗೆ ಬೀಗ ತೆಗೆಯಿರಿ, ನಾವಿಬ್ಬರೂ ಹಿಂದೆಯೇ ಹೋಗೋಣ ಎಂದೆ. ಹೇಗೋ ಒಪ್ಪಿದರು.

ಮರುದಿನ ಮೊದಲ ಬಸ್ಸಿಗೇ ಬಂದೆ. ಅಜ್ಜಿ ತೊಳೆದು ಒರೆಸಿದ ಕ್ಯಾನು ಹಿಡಿದು ಗೇಟಿನ ಒಳಗೆ ನಿಂತಿದ್ದರು. ಬೀಗ ತೆಗೆದದ್ದೇ ತಡ, ನಾವು ಹಿಂದೆ ಬೀಳುವಷ್ಟು ಜೋರಾಗಿ ನಡೆದರು. ಡೈರಿ ಮುಂದೆ ಕ್ಯಾನುಗಳು ಸಾಲಾಗಿ ನಿಂತಿದ್ದವು. ಅಲ್ಲಿಯ ಪದ್ಧತಿ ಹಾಗೆ: ಸಾಲಿನಲ್ಲಿ ಕ್ಯಾನು ನಿಲ್ಲುತ್ತದೆ, ಜನ ಎದುರಿನ ಜಗಲಿಯಲ್ಲಿ ಕೂರುತ್ತಾರೆ. ಅಜ್ಜಿ ತಮ್ಮ ಕ್ಯಾನು ಕೊನೆಗಿಟ್ಟು ಜಗಲಿಗೆ ಬಂದರು.

"ಏನಮ್ಮಿ, ಜೈಲಿಂದ ಬುಟ್ರಾ?" ಎಂದರು ಒಬ್ಬಾಕೆ.

"ಜಾಮೀನ್ ಮ್ಯಾಲೆ ಬಂದಿವ್ನಿ. ನೋಡು, ಪೋಲೀಸ್ನೋರು ಇಂದೇನೇ ಅವ್ರೆ" ಎಂದು ಅಜ್ಜಿ ನಮ್ಮಿಬ್ಬರನ್ನು ತೋರಿಸಿದರು.

ಜಗಲಿ ನಕ್ಕಿತು. ಯಾರ ಮಗಳಿಗೆ ಹೆರಿಗೆಯಾಯಿತು, ಯಾರ ಸೊಸೆ ಸ್ಕೂಟಿ ಕಲಿಯುವಾಗ ತಿಪ್ಪೆಗೆ ಬಿದ್ದಳು, ಎಲ್ಲ ಬಂತು. ಅಜ್ಜಿ ಮೂರು ವಾರದ ಬಾಕಿಯನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡರು. ನಡುವೆ ಎದ್ದು ಹೋಗಿ, ಮುಂದಕ್ಕೆ ಬಂದಿದ್ದ ತಮ್ಮ ಕ್ಯಾನನ್ನು ಎತ್ತಿ ಕೊನೆಗಿಟ್ಟು ಬಂದರು.

"ನೋಡಿ ಸಾರ್, ನಾನು ಹೇಳ್ಲಿಲ್ವಾ?" ಎಂದರು ಮಗ.

ನಾನು ಅಲ್ಲೇ ಪರೀಕ್ಷೆ ಶುರು ಮಾಡಿದೆ. ಯಾರೂ ಉತ್ತರ ಹೇಳಬಾರದು ಎಂದೆ. ಜಗಲಿಯವರೆಲ್ಲ ಕೈಯಿಂದ ಬಾಯಿ ಮುಚ್ಚಿಕೊಂಡರು. ಯಾವ ವಾರ ಎಂದು ಕೇಳಿದೆ. "ಸುಕ್ರವಾರ. ದನದ ಡಾಕುಟ್ರು ಬರೋ ದಿನ" ಎಂದರು. ತಾರೀಕು ಸರಿ. ಹೊಸ ಐದು ಪದಗಳಲ್ಲಿ ನಾಲ್ಕು ವಾಪಸು ಬಂದವು. ಐದನೆಯದಕ್ಕೆ ಪಕ್ಕದಾಕೆ ಕಣ್ಣಲ್ಲೇ ಏನೋ ತೋರಿಸಲು ಒದ್ದಾಡಿದರು. "ನೀ ಸುಮ್ಕಿರಮ್ಮಿ, ಪರೀಕ್ಸೆ ಮಾಡೋರ್ಗೆ ಸಿಟ್ಟು ಬತ್ತದೆ" ಎಂದರು ಅಜ್ಜಿ.

"ಅಜ್ಜಿ, ಹಸು ಮಾರಿದ್ದು ನೆನಪಿದೆಯಾ?"

"ನೆನಪಿಲ್ದೆ ಏನು? ಗೂಟದಿಂದ ಅಗ್ಗ ಬಿಚ್ಕೊಟ್ಟೋಳು ನಾನೇಯ."

"ಮತ್ತೆ ಕ್ಯಾನು?"

ಅಜ್ಜಿ ನನ್ನನ್ನು ಮರುಕದಿಂದ ನೋಡಿದರು. "ಕೈಲಿ ಕ್ಯಾನ್ ಇಲ್ದೆ ಡೈರಿ ಮುಂದೆ ಕುಂತ್ರೆ, ಯಾರ ಆಲ್ಗೆ ನೀರ್ ಬಿದ್ದದೆ ಅಂತ ನೋಡಾಕ್ ಬಂದವ್ಳೆ ಅಂತಾರೆ. ಕ್ಯಾನ್ ಇದ್ರೆ ಯಾರೂ ಕೇಳಲ್ಲ ಕಣಪ್ಪ."

ಮಗ ತಲೆ ತಗ್ಗಿಸಿದರು. "ಮನೇಲೇ ಹೇಳ್ಬೋದಿತ್ತಲ್ಲಮ್ಮ."

"ಕ್ಯಾನ್ ಕಾಲಿ ಅದೆ ಅಂತ ನೀ ಅಂದೆ. ನಾ ಹೂಂ ಅಂದೆ. ಯಾಕೆ ಅಂತ ನೀ ಕೇಳ್ನಿಲ್ವಲ್ಲ."

ಒಮ್ಮೆ ಡಾಕ್ಟರಿಗೂ ತೋರಿಸಿ, ಆದರೆ ಬೀಗ ಬೇಡ ಎಂದೆ. ಮಗನಿಗೆ ಸಮಾಧಾನವಾಯಿತು, ಆದರೆ ಮುಜುಗರ ಹೋಗಲಿಲ್ಲ. "ಅಲ್ಲ ಸಾರ್, ಇಡೀ ಊರಲ್ಲಿ ಖಾಲಿ ಕ್ಯಾನ್ ಇಡೋರು ನಮ್ಮಮ್ಮ ಒಬ್ರೇ ಅಲ್ವಾ?"

ಜಗಲಿಯಲ್ಲಿ ಒಬ್ಬರು ಕೆಮ್ಮಿದರು. ಒಬ್ಬರು ಬೇವಿನ ಮರ ನೋಡತೊಡಗಿದರು. ಆಗ ನನಗೆ ಒಂದು ವಿಷಯ ಹೊಳೆಯಿತು. ಬಹಳ ಹೊತ್ತಿನಿಂದ ಡೈರಿಯವರು ಹಾಲು ಅಳೆಯುತ್ತಲೇ ಇದ್ದರು. ಹೊಸದಾಗಿ ಕ್ಯಾನು ಬರುವುದು ನಿಂತು ಹೋಗಿತ್ತು. ಆದರೂ ಸಾಲು ಅದಕ್ಕೆ ತಕ್ಕಂತೆ ಚಿಕ್ಕದಾಗಿರಲಿಲ್ಲ.

ಎದ್ದು ಹೋಗಿ ಒಂದು ತುದಿಯಿಂದ ಕ್ಯಾನುಗಳನ್ನು ಎತ್ತಿ ನೋಡತೊಡಗಿದೆ. ಮೊದಲನೆಯದು ಭಾರ. ಎರಡನೆಯದು ಹಗುರ.

"ಅಸ ಬತ್ತದೆ ಸಾ" ಎಂದರು ಅದರ ಯಜಮಾನರು.

"ಯಾವಾಗ?"

"ಯುಗಾದಿಗೆ."

ಮುಂದಿನದಕ್ಕೆ ಕೈ ಹಾಕುವಾಗ ನಿವೃತ್ತ ಮೇಷ್ಟರೊಬ್ಬರು ಎದ್ದು ನಿಂತರು. "ಅದು ನಮ್ಮದು. ಅದನ್ನ ಬಿಡಿ, ಪರವಾಗಿಲ್ಲ." ಎತ್ತಿದೆ. ಒಳಗೆ ಮಡಿಸಿದ ದಿನಪತ್ರಿಕೆ ಇತ್ತು.

"ಏನ್ ಮೇಷ್ಟ್ರೇ!" ಅಜ್ಜಿ ಜಗಲಿಯಿಂದಲೇ ಕೂಗಿದರು. "ನಿಮ್ಮಟ್ಟೀಲಿ ಅಸಾನೇ ಕಟ್ನಿಲ್ವಲ್ಲ ಯಾವತ್ತೂ!"

"ಕಟ್ಟಬೇಕು ಅಂತ ಇದೀನಿ ಕಣಮ್ಮ" ಎಂದರು ಮೇಷ್ಟರು.

ಹಾಲು ಅಳೆಯುವ ಡೈರಿಯವರು ತಲೆ ಎತ್ತದೆ ಹೇಳಿದರು: "ಸುಮ್ಕಿರಿ ಸಾ. ಇವ್ರು ಬರ್ದೇ ಇದ್ರೆ ನಂಗೂ ಬೇಜಾರು."

ಮಗ ಜೇಬಿನಿಂದ ಗೇಟಿನ ಬೀಗದ ಕೈ ತೆಗೆದು ಅಮ್ಮನ ಕ್ಯಾನಿನ ಹಿಡಿಗೆ ಕಟ್ಟಿದರು. ನಾನು ಎತ್ತಿ ನೋಡುವುದನ್ನು ಕೊನೆಯವರೆಗೂ ಮುಗಿಸಿದೆ. ಆ ಹೊತ್ತಿಗೆ ಸಾಲಿನಲ್ಲಿದ್ದ ಕ್ಯಾನು ಹನ್ನೊಂದು. ಹಾಲಿದ್ದದ್ದು ನಾಲ್ಕರಲ್ಲಿ.