ಕೊನೆಹೊಲಕ್ಕೆ ಮುಟ್ಟಿದ್ದು

೧೯೯೯ನೇ ಇಸವಿ, ದೀಪಾವಳಿ ಮುಗಿದ ಮರುವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ಮಸ್ಕಿಯಲ್ಲಿ ಒಂದು ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಬಾಗಿಲಿನಿಂದ ಎರಡನೇ ಕಿಟಕಿಯ ಪಕ್ಕ ನಿಂತಿದ್ದೆ. ಗಡಿಯಾರ ಎದುರಿಗೇ ಇತ್ತು. ಅದು ನಾಲ್ಕು ನಿಮಿಷ ಮುಂದಿತ್ತು. ಆ ನಾಲ್ಕನ್ನು ಕಳೆದೇ ಹೇಳುತ್ತಿದ್ದೇನೆ. ಇಷ್ಟು ಎಚ್ಚರಿಕೆ ಯಾಕೆಂದರೆ, ನನ್ನ ಸೋದರಮಾವ ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ನಾಲ್ಕು ಕಂಪ್ಯೂಟರುಗಳನ್ನಿಟ್ಟು, ಅವಕ್ಕೆ ಪಾಳಿಯ ಮೇಲೆ ನೀರು ಬಿಡುತ್ತಿದ್ದರು ಎಂದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ.

ಮಾವ ಇಪ್ಪತ್ತಾರು ವರ್ಷ ಸಿಂಧನೂರಿನ ಕಡೆ ಕಾಲುವೆಯ ಮೇಲೆ ಕೆಲಸ ಮಾಡಿದವರು. ತೂಬು ಎತ್ತುವುದು, ತೂಬು ಇಳಿಸುವುದು, ರಿಜಿಸ್ಟರಿನಲ್ಲಿ ಬರೆಯುವುದು. ಇಷ್ಟರಲ್ಲೇ ಒಬ್ಬ ಮನುಷ್ಯನ ಆಯುಷ್ಯ ಸಾಕಷ್ಟು ಸವೆಯುತ್ತದೆ. ನಿವೃತ್ತರಾದ ಮೇಲೆ ಉಳಿದವರಂತೆ ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಬೈಯಬಹುದಿತ್ತಲ್ಲ? ಅವರು ಮಸ್ಕಿಗೆ ಬಂದು ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುವ ಕೋಣೆ ತೆರೆದರು. ಆಗ ಅವರಿಗೂ ಕಂಪ್ಯೂಟರ್ ಬರುತ್ತಿರಲಿಲ್ಲ. ಅದು ಅಡ್ಡಿಯಾಗಬಹುದು ಎಂದು ಅವರಿಗೆ ಹೊಳೆದೇ ಇರಲಿಲ್ಲ.

ನಿಜವಾದ ಕಂಪ್ಯೂಟರ್ ಇದ್ದದ್ದು ಒಂದು. ಉಳಿದ ನಾಲ್ಕು ಯಾವುದೋ ಕಚೇರಿ ಎಸೆದ ಹಳೆಯ ಪೆಟ್ಟಿಗೆಗಳು. ಪರದೆ ಇತ್ತು, ಕೀಲಿಮಣೆ ಇತ್ತು, ಒಳಗೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದ, ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ತಂತ್ರಾಂಶದ ಸಿ.ಡಿ.ಯನ್ನು ಮಾವ ಹನ್ನೊಂದು ದಿನ ಹೆಣಗಿ ಆ ಒಂದಕ್ಕೆ ಹಾಕಿದರು. ಅದರ ಮೇಲೆ ವರ್ಚುವಲ್ ಮಷೀನ್ ಎಂಬ ಹೊಸ ತಂತ್ರಾಂಶ. ಅದು ಒಂದು ಯಂತ್ರದೊಳಗೆ ನಾಲ್ಕು ಯಂತ್ರಗಳನ್ನು ಕಟ್ಟುತ್ತದೆ, ಪ್ರತಿಯೊಂದೂ ತಾನೇ ಪೂರ್ತಿ ಕಂಪ್ಯೂಟರ್ ಎಂದು ನಂಬಿಕೊಂಡು ಕೆಲಸ ಮಾಡುತ್ತದೆ. ಹಾಕುವ ಮೊದಲು ಅದು ಒಂದು ಉದ್ದನೆಯ ಒಪ್ಪಂದ ತೋರಿಸಿ, ಒಪ್ಪುತ್ತೀರಾ ಎಂದು ಕೇಳಿತು. ಜಗತ್ತಿನಲ್ಲಿ ಆ ಒಪ್ಪಂದವನ್ನು ಯಾರೂ ಓದುವುದಿಲ್ಲ. ಮಾವ ನಿಘಂಟು ಇಟ್ಟುಕೊಂಡು ಮೂರು ದಿನ ಓದಿದರು.

"ಮಾವ, ಹೌದು ಅಂತ ಒತ್ತಿಬಿಡ್ರಿ," ಎಂದೆ.

"ಓದಲಾರದ ಸಹಿ ಮಾಡೂದು ನೌಕರಿಯಾಗ ಇದ್ದಾಗ. ಈಗ್ಯಾಕ?"

ಒಂದರೊಳಗೆ ನಾಲ್ಕು ಹೇಗೆ ಕೂರುತ್ತವೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

"ಕಾಲುವೆ ಒಂದ, ತೂಬು ನಾಕು. ಇದ್ರಾಗ ತಿಳೀಲಾರದ್ದು ಏನೈತಿಲೇ?"

ಚಹಾ ತಂದ ಅತ್ತೆ, ಅಂದರೆ ಮಾವನ ಹೆಂಡತಿ, ಕಪ್ಪು ಇಡುತ್ತಾ ನನಗೆ ಹೇಳಿದರು: "ಒಂದು ಮನಿ ನಡಸಾಕ ಬರಲಿಲ್ಲ ಇವರಿಗೆ. ಈಗ ಮನ್ಯಾಗ ನಾಕು ಮನಿ ಮಾಡ್ಯಾರ."

ಒಳಗಿನ ಒಂದೊಂದು ಯಂತ್ರಕ್ಕೂ ತಂತಿ ಎಳೆದು ಒಂದೊಂದು ಹಳೆಯ ಪೆಟ್ಟಿಗೆ ಜೋಡಿಸಿದ್ದರು. ಆ ನಾಲ್ಕಕ್ಕೂ ಹೆಸರಿತ್ತು. ಮೊದಲನೆಯದು ದಢೇಸುಗೂರು, ಎರಡನೆಯದು ಮುಕ್ಕುಂದ, ಮೂರನೆಯದು ಸಿಂಧನೂರು. ಮೂಲೆಯ ನಾಲ್ಕನೆಯದಕ್ಕೆ ಮಾತ್ರ ಊರಿನ ಹೆಸರಿಲ್ಲ. ಅದು ಬರೀ ಕೊನೆಹೊಲ. ಕಂಪ್ಯೂಟರಿನ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದು ರಿಜಿಸ್ಟರ್ ತೂಗುಹಾಕಿದ್ದರು. ಯಾವ ಯಂತ್ರದ ತೂಬು ಎಷ್ಟು ಗಂಟೆಗೆ ಎತ್ತಿದರು, ಎಷ್ಟಕ್ಕೆ ಇಳಿಸಿದರು, ಎಲ್ಲ ಅದರಲ್ಲಿ. ತೂಬು ಇಳಿಸುವುದೆಂದರೆ ಯಂತ್ರವನ್ನು ಇದ್ದಲ್ಲೇ ನಿಲ್ಲಿಸುವುದು. ಮತ್ತೆ ಎತ್ತಿದಾಗ ಅರ್ಧ ಬರೆದ ಶಬ್ದವೂ ಅಲ್ಲೇ ಕಾಯುತ್ತಿರುತ್ತದೆ. ಪುಟದ ಕಟ್ಟಕಡೆಯ ಕಾಲಂ ‘ಕೊನೆಗೆ ಮುಟ್ಟಿತೇ?’ ಎಂದಿತ್ತು. ಅದನ್ನು ಮಾತ್ರ ಮಾವ ಖಾಲಿ ಬಿಡುತ್ತಿದ್ದರು. ಅವರ ಸ್ವಭಾವಕ್ಕೆ ಇದು ಒಪ್ಪುವಂಥದ್ದಲ್ಲ ಎಂದು ನನಗೆ ಆಗಲೇ ಅನಿಸಿತ್ತು.

ಕಂಪ್ಯೂಟರಿನಲ್ಲಿದ್ದ ಮೆಮೊರಿ ಅರವತ್ನಾಲ್ಕು ಎಂಬಿ. ಮಾವ ಮೊದಲ ಮೂರಕ್ಕೆ ಹತ್ತುಹತ್ತು ಕೊಟ್ಟು, ಮಿಕ್ಕ ಮೂವತ್ನಾಲ್ಕನ್ನೂ ಕೊನೆಹೊಲಕ್ಕೆ ಬರೆದರು. ಒಂದು ತೊಟ್ಟೂ ಪೋಲಾಗದ ಹಂಚಿಕೆ. ಶುರು ಮಾಡಿದ ಎರಡೇ ನಿಮಿಷಕ್ಕೆ ಐದೂ ಪರದೆಗಳು ಕಲ್ಲಾದವು.

"ಲಿನಕ್ಸಿಗೆ ಏನು ಬಿಟ್ರಿ?" ಎಂದು ಕೇಳಿದೆ.

"ಅದಕ್ಯಾಕ? ಅದು ಕಾಲುವೆ. ಹೊಲಕ್ಕ ಬೇಕು ನೀರು, ಕಾಲುವಿಗೆ ಬೇಕೇನು?"

ಎರಡು ದಿನ ಮಾವ ಕಾಗದದ ಮೇಲೆ ಅದೇ ಅರವತ್ನಾಲ್ಕನ್ನು ಕೂಡಿಸಿ ಕಳೆದರು. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಬಾಯಿ ತೊಳೆಯದೆಯೇ ಬಂದರು. "ತಪ್ಪಾತಲೇ. ಒಣ ಕಾಲುವಿಗೆ ನೀರು ಬಿಟ್ರ ಮೊದಲ ಕಾಲುವೇನ ಕುಡೀತೈತಿ. ಇಪ್ಪತ್ತಾರು ವರ್ಷ ನೋಡೀನಿ, ಹ್ಯಾಂಗ ಮರತೆ?" ಲಿನಕ್ಸಿಗೆ ಇಪ್ಪತ್ತು, ಮೊದಲ ಮೂರಕ್ಕೆ ಎಂಟೆಂಟು ಎಂದು ಹಂಚಿಕೆ ಬದಲಾಯಿತು. ಕೊನೆಹೊಲಕ್ಕೆ? ಮತ್ತೆ ಇಪ್ಪತ್ತು! ಅದಕ್ಕೇಕೆ ಅಷ್ಟು ಎಂದು ಕೇಳಿದರೆ ಕನ್ನಡಕ ಒರೆಸಿಕೊಂಡರು.

ಕೊನೆಹೊಲದ ಮುಂದೆ ಕೂರುತ್ತಿದ್ದವಳು ಹುಲಿಗೆಮ್ಮ. ಕಾಲುವೆಯ ಬಾಲ ಮುಗಿಯುವ ಕಡೆಯ ಹಳ್ಳಿಯವಳು. ಅವಳ ಬಸ್ಸು ದಿನವೂ ತಡ, ಆದ್ದರಿಂದ ಉಳಿದ ಜಾಗವೇ ಅವಳ ಜಾಗ. ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಅವಳಿಗೆ ಟೈಪಿನ ಕೆಲಸ ಕಾದಿತ್ತು, ಸರ್ಟಿಫಿಕೇಟ್ ತೋರಿಸಿದರೆ. ತೋರಿಸದಿದ್ದರೆ ಬಸ್ಸಿನ ಓಡಾಟ ಅಲ್ಲಿಗೇ ಮುಗಿಯುತ್ತದೆ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು.

ಪರೀಕ್ಷೆಯ ದಿನ ರಾಯಚೂರಿನಿಂದ ಪರೀಕ್ಷಕರು ಬಂದರು. ನಿಯಮ ಸರಳ: ಮೂರೂವರೆಯೊಳಗೆ ಪತ್ರ ಟೈಪಾಗಿ, ಅಚ್ಚಾಗಿ, ಅವರ ಕೈ ಸೇರಬೇಕು. ಕರೆಂಟು ಹೋದರೆ ಅದು ಕೇಂದ್ರದ ಹಣೆಬರಹ, ಮತ್ತೊಂದು ಪರೀಕ್ಷೆ ಇಲ್ಲ. ಮೂವರು ಹುಡುಗಿಯರು ಮೂರಕ್ಕೇ ಮುಗಿಸಿ, ಅಚ್ಚು ಹಾಕಿ, ಕೊಟ್ಟು ಹೋದರು. ಹುಲಿಗೆಮ್ಮನ ಬಸ್ಸು ಅಂದು ನಲವತ್ತು ನಿಮಿಷ ತಡವಾಗಿತ್ತು. ಅವಳಿನ್ನೂ ಎರಡನೇ ಪುಟದ ನಡುವೆ ಇದ್ದಳು. ಪರೀಕ್ಷಕರು ಚಹಾಕ್ಕೆ ಕೆಳಗಿಳಿದರು. ಕರೆಂಟು ಹೋಯಿತು. ಮೂರು ಗಂಟೆ ಹತ್ತು ನಿಮಿಷ.

ಕರೆಂಟು ಹೋದಾಗಿನ ಆಸರೆಗೆಂದು ಮಾವ ಯು.ಪಿ.ಎಸ್. ಪೆಟ್ಟಿಗೆಗೆ ಜೋಡಿಸಿದ್ದ ಟ್ರ್ಯಾಕ್ಟರಿನ ಹಳೆಯ ಬ್ಯಾಟರಿ ಕುಂಯ್ ಎಂದು ಕೂಗತೊಡಗಿತು. ಎಲ್ಲವೂ ಓಡಿದರೆ ಅದರ ಆಯುಷ್ಯ ಐದು ನಿಮಿಷ. ಮಾವ ಎದ್ದರು. ದಢೇಸುಗೂರಿನ ತೂಬು ಇಳಿಸಿದರು, ಪರದೆ ಆರಿಸಿದರು. ಆಮೇಲೆ ರಿಜಿಸ್ಟರ್ ತೆಗೆದು, ಪೆನ್ನಿನ ಟೋಪಿ ಬಿಚ್ಚಿ, ಬರೆಯತೊಡಗಿದರು.

"ಮಾವ, ಬರಿಯೂದು ಬಿಡ್ರಿ!"

"ಬರೀಲಾರದ ತೂಬು ಇಳಸಬಾರದು."

ಮುಕ್ಕುಂದ ಇಳಿಯಿತು, ಬರೆದರು. ಸಿಂಧನೂರು ಇಳಿಯಿತು, ಬರೆದರು. ಅಕ್ಷರ ಸೊಟ್ಟಗಿದ್ದವು, ಗಂಟೆ ನಿಮಿಷ ಮಾತ್ರ ಸರಿ ಇದ್ದವು. ಚಹಾದ ಕೆಟಲ್ ಹಿಡಿದು ಬಾಗಿಲಿಗೆ ಬಂದ ಅತ್ತೆ ಅಲ್ಲೇ ನಿಂತರು. ಕತ್ತಲೆಯ ಮೂಲೆಯಲ್ಲಿ ಒಂದೇ ಪರದೆ ಬೆಳಗುತ್ತಿತ್ತು.

"ಸರ, ಮುಗೀತೈತೇನ್ರಿ?" ಹುಲಿಗೆಮ್ಮ ತಿರುಗಿ ನೋಡಲಿಲ್ಲ, ಬೆರಳೂ ನಿಲ್ಲಿಸಲಿಲ್ಲ.

"ನೀ ಬರಿ. ಮ್ಯಾಲಿಂದು ಎಲ್ಲಾ ಮುಚ್ಚೀನಿ. ಇದ್ದದ್ದು ಪೂರಾ ನಿನಗ ಬರಾಕತ್ತೈತಿ."

ಮೂರು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಅವಳು ಮುಗಿಸಿದಳು. ಮುದ್ರಣಯಂತ್ರ ಒಂದೊಂದೇ ಸಾಲನ್ನು ಕೆರೆಕೆರೆದು ಬರೆಯಿತು. ಎರಡನೇ ಪುಟದ ಕೊನೆಯ ಸಾಲು ಹೊರಬಂತು, ಪರದೆ ಆರಿತು, ಬ್ಯಾಟರಿಯ ಕೂಗೂ ನಿಂತಿತು. ಪರೀಕ್ಷಕರು ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. ಹಾಳೆ ಎಣಿಸಿ ಚೀಲಕ್ಕೆ ಹಾಕಿ, "ಕರೆಂಟು ಹೋಗಿತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ಸಿಗೆ ಹೋದರು.

ಮಾವ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಪೆನ್ನು ಆ ಕೊನೆಯ ಕಾಲಮ್ಮಿನ ಮೇಲೆ ನಿಂತೇ ಇತ್ತು.

"ಇಪ್ಪತ್ತಾರು ವರ್ಷ ಕಾಲುವಿ ರಿಜಿಸ್ಟರಿನ ಇದ ಕಾಲಮ್ಮಿನಾಗ ದಿನಾ ‘ಮುಟ್ಟಿತು’ ಅಂತ ಬರದೀನಿ," ಎಂದರು. "ಮೊದಲ್ನೇ ತೂಬಿನ ಮ್ಯಾಲ ಕುಂತು ಬರದೀನಿ. ಒಂದು ದಿನನೂ ಹೋಗಿ ನೋಡಲಿಲ್ಲ. ಹುಲಿಗೆಮ್ಮ, ನಿಮ್ಮಪ್ಪ ಒಂದು ವರ್ಷ ಪ್ರತಿ ಸೋಮವಾರ ಬಂದು ನನ್ನ ಟೇಬಲ್ ಮ್ಯಾಲ ತನ್ನ ಹೊಲದ ಒಣ ಮಣ್ಣಿನ ಹೆಂಟಿ ಇಟ್ಟು ಹೋಗತಿದ್ದ. ಏನೂ ಅಂತಿರಲಿಲ್ಲ. ನಿನಗ ಗೊತ್ತೈತೋ ಇಲ್ಲೋ."

"ಗೊತ್ತೈತ್ರಿ ಸರ. ಅಪ್ಪನ ಹೇಳಿ ಕಳಿಸ್ಯಾನ. ಆ ಮನಷ್ಯಾಗ ನಾ ಭಾಳ ಹೆಂಟಿ ಕೊಟ್ಟೀನಿ, ನೀ ಹೋಗಿ ಏನರ ತಗೊಂಡು ಬಾ ಅಂತ."

ಅತ್ತೆ ಕೆಟಲನ್ನು ನೆಲದ ಮೇಲಿಟ್ಟರು. ಮಾವ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು, ನಿಧಾನವಾಗಿ ಬರೆದರು: ‘ಕೊನೆಗೆ ಮುಟ್ಟಿತು. ಕಂಡು ಬರೆದದ್ದು.’ ಆಮೇಲೆ ಸಾಕ್ಷಿಯ ಸಹಿಗೆಂದು ಪೆನ್ನು ನಮ್ಮ ಕಡೆ ಚಾಚಿದರು.

ಮಾವ ಈಗಿಲ್ಲ. ರಿಜಿಸ್ಟರ್ ನನ್ನ ಹತ್ತಿರ ಇದೆ. ಆ ಸಾಲಿನ ಕೆಳಗೆ ಮೂರು ಸಹಿಗಳಿವೆ. ಒಂದು ನನ್ನದು. ಒಂದು ಅತ್ತೆಯದು, ಸಿಂಧನೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದ, ನೆನಪು ಸರಿಯಾಗಿದೆ. ಇನ್ನೊಂದು ಹುಲಿಗೆಮ್ಮನದು, ಲಿಂಗಸುಗೂರಿನಲ್ಲಿ ಅದೇ ಕೆಲಸದಲ್ಲಿ ಇದ್ದಾಳೆ.