ಆದೋನಿಯಲ್ಲಿ ಬಂಡವಾಳದ ಅತಿಥಿ

ಹೊರದೇಶದ ಬಂಡವಾಳ ನಮ್ಮ ಕಡೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೆ ಬರುತ್ತದೆ ಅನ್ನೋ ಸುದ್ದಿ ಎದ್ದಾಗಲೆಲ್ಲ ಏನಾದರೊಂದು ನಡೆದೇ ತೀರುತ್ತದೆ, ಮತ್ತು ಅದರ ನಟ್ಟನಡುವೆ ನಾನು ನಿಂತಿರುತ್ತೇನೆ.

ನಾನು ತೆಲುಗು ನಾಡಿನ ಅಂಚಿನಲ್ಲಿರುವ ಆದೋನಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಮಾತು ಕನ್ನಡ, ಓದಿದ್ದು ತೆಲುಗಿನಲ್ಲಿ, ಹೊಟ್ಟೆಪಾಡು ಇಂಗ್ಲಿಷಿನದು. ಮೂರೂ ಬರುತ್ತವೆ ಅನ್ನೋ ಒಂದೇ ತಪ್ಪಿಗೆ ನನ್ನನ್ನು ದುಭಾಷಿ ಮಾಡಿದರು. ಮಾಡಿದವರು, ನಮ್ಮ ಕಡೆಗೆ ಕಾರ್ಖಾನೆಗಳನ್ನು ಕರೆತರಬೇಕೆಂದು ನೇಮಕವಾಗಿ ಬಂದ ಒಬ್ಬ ಅಧಿಕಾರಿ. ಸಮುದ್ರದ ಕಡೆಯ ತೆಲುಗಿನವರು, ಕನ್ನಡ ಬರದು. ಕುಳಿತಲ್ಲಿ ಕೂರುವ ಮನುಷ್ಯನಲ್ಲ. ಚಹಾ ನಿಂತುಕೊಂಡೇ ಕುಡಿಯುತ್ತಾರೆ, ಕಾರಿನ ಇಂಜಿನ್ ಆರಿಸಲು ಬಿಡುವುದಿಲ್ಲ, ನಮಸ್ಕಾರ ಮಾಡುವಾಗಲೂ ಒಂದು ಕಣ್ಣು ಫೋನಿನ ಮೇಲೆ.

ಅವರು ಹಿಡಿದು ತಂದದ್ದು ಒಂದು ನೂಲಿನ ಕಂಪನಿಯ ಪ್ರತಿನಿಧಿಯನ್ನು. ಯಾವುದೋ ಚಳಿದೇಶದವನು, ಉದ್ದಕ್ಕೆ ಇದ್ದ, ನಮ್ಮ ಬಿಸಿಲಿಗೆ ಮೂಗು ಕೆಂಪಗಾಗಿತ್ತು. ಅವನನ್ನು ಎಲ್ಲರೂ ‘ಅತಿಥಿ’ ಎಂದೇ ಕರೆಯಬೇಕೆಂದು ಅಧಿಕಾರಿಯ ಅಪ್ಪಣೆ.

ಅಧಿಕಾರಿಯ ಚಡಪಡಿಕೆ ನನಗೂ ಅಂಟಿತು. ಅದಕ್ಕೆ ನನ್ನದೇ ಕಾರಣವಿತ್ತು. ಪ್ರತಿವರ್ಷ ಸುಗ್ಗಿ ಶುರುವಾದರೆ ನನ್ನ ಕ್ಲಾಸಿನ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ. ಮಕ್ಕಳು ಅಪ್ಪ ಅಮ್ಮನ ಜೊತೆ ದೂರದ ಊರುಗಳಿಗೆ ಕೂಲಿಗೆ, ನಮ್ಮ ಕಡೆಯ ಮಾತಿನಲ್ಲಿ ‘ಸುಗ್ಗಿಗೆ’, ಹೋಗುತ್ತಾರೆ. ಇಲ್ಲೇ ಒಂದು ಮಿಲ್ಲು ಬಂದರೆ ಆ ಬೆಂಚುಗಳು ತುಂಬುತ್ತವಲ್ಲ ಎಂಬ ಆಸೆ. ಆ ಆಸೆಗೆ ಬಿದ್ದೇ ಹೋದ ವರ್ಷವಿಡೀ ಅವರಿಬ್ಬರ ಹಿಂದೆ ಓಡಾಡಿದೆ.

ತೆರಿಗೆಗೆ ರಜಾ

ಮೊದಲ ಸಭೆ ಹತ್ತಿ ವ್ಯಾಪಾರಿಗಳ ಜೊತೆ. ಮುಂದಿನ ಸಾಲಿನಲ್ಲಿ ಹಣೆತುಂಬ ವಿಭೂತಿ ಧರಿಸಿ ಕೂತವರು ನಮ್ಮ ಮಾವನವರೇ. ಅವರ ತಂದೆಯ ಕಾಲದಿಂದ ನಮ್ಮದು ಹತ್ತಿ ವ್ಯಾಪಾರ.

ಅಧಿಕಾರಿ ಅತಿಥಿಗೆ ಸಿಗುವ ಸವಲತ್ತುಗಳನ್ನು ಒಂದೇ ಉಸಿರಿಗೆ ತೆಲುಗಿನಲ್ಲಿ ಹೇಳಿದರು. ಅಗ್ಗದ ಜಮೀನು, ಅಗ್ಗದ ಕರೆಂಟು, ಕೆಲಸ ಶುರುವಾದಮೇಲೆ ಸಬ್ಸಿಡಿ, ಮೊದಲ ಕೆಲವು ವರ್ಷ ‘ಟ್ಯಾಕ್ಸ್ ಹಾಲಿಡೇ’.

ಮಾವನವರಿಗೆ ತೆಲುಗು ಚೆನ್ನಾಗಿಯೇ ಬರುತ್ತದೆ, ಆ ಕೊನೆಯದು ಮಾತ್ರ ತಿಳಿಯಲಿಲ್ಲ. ನನ್ನ ಕಡೆ ನೋಡಿದರು.

“ತೆರಿಗೆಗೆ ರಜಾ ಕೊಡ್ತಾರಂತ್ರಿ, ಮಾವ.”

“ಯಾರಿಗೆ?”

“ಹೊಸದಾಗಿ ಬರೋರಿಗೆ.”

“ಇನ್ನಾ ಕೆಲ್ಸಕ್ಕ ಸೇರಿಲ್ಲ, ಆಗ್ಲೇ ರಜಾ ಏನು? ನಾವು ಹುಟ್ಟಿದಾಗಿನಿಂದ ಕಟ್ಟಕಂತ ಬಂದೀವಿ, ನಮಗ ಒಂದು ಐತಾರನೂ ರಜಾ ಕೊಟ್ಟಿಲ್ಲ.”

ಹಿರಿಯರು ಏನು ಹೇಳಿದರು ಎಂದು ಅತಿಥಿ ಕೇಳಿದ. ಯೋಜನೆ ಅವರಿಗೆ ಬಹಳ ಹಿಡಿಸಿದೆ ಎಂದೆ. ಅತಿಥಿ ಎದ್ದುಬಂದು ಮಾವನವರಿಗೆ ಬಗ್ಗಿ ಕೈಮುಗಿದ. ಮಾವನವರೂ ಕೈಮುಗಿದು, ಮುಗಿದ ಕೈ ಇಳಿಸದೆಯೇ ನನಗೆ ಹೇಳಿದರು: “ಇದೊಂದು ಕೇಳು. ನಾನು ಈಯಪ್ಪನ ದೇಶಕ್ಕ ಹೋಗಿ ನಾಕು ದಿನ ಇದ್ದು ತಿರುಗಿ ಬಂದ್ರ, ನಾನೂ ಹೊಸದಾಗಿ ಬಂದಾವ ಆಗ್ತೀನಿಲ್ಲ?”

ಇದನ್ನು ನಾನು ತಮಾಷೆ ಎಂದು ತಿಳಿದು ಅಧಿಕಾರಿಗೆ ತೆಲುಗಿನಲ್ಲಿ ಹೇಳಿದೆ. ಅವರು ಫೋನಿನಿಂದ ತಲೆ ಎತ್ತದೆ, “ಬರೀ ಹೋಗಿ ಬಂದರೆ ಆಗಲ್ಲ ಮೇಡಂ, ಅಲ್ಲೊಂದು ಕಂಪನಿ ತೆರೆದು ಆ ಹೆಸರಲ್ಲಿ ಬರಬೇಕು” ಅಂದರು.

ಮರುದಿನ ಬೆಳಿಗ್ಗೆ ಮಾವನವರು ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಳ್ಳಲು ಹೋಗಿದ್ದರು.

ಒಂದೇ ಕಿಟಕಿ

ಎಲ್ಲ ಪರವಾನಗಿಗಳೂ ಒಂದೇ ಕಿಟಕಿಯಲ್ಲಿ ಸಿಗುತ್ತವೆ ಎಂದು ಅಧಿಕಾರಿ ಹೇಳುತ್ತಲೇ ಇದ್ದರು. ಅತಿಥಿಗೆ ಆ ಕಿಟಕಿ ನೋಡುವ ಆಸೆಯಾಯಿತು. ಅಧಿಕಾರಿ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಕಿಟಕಿ ತೆರೆಯಿತು, ತೆರೆದ ಕೂಡಲೇ ಇಲ್ಲಿಯದೇ ಒಂದು ಫೋನ್ ನಂಬರ್ ಕೇಳಿತು. ಅತಿಥಿಯ ನಂಬರ್ ಅದಕ್ಕೆ ಒಗ್ಗಲಿಲ್ಲ.

“ನಂದು ಕೊಟ್ಟರೆ ನಾಳೆ ವರ್ಗ ಆದಮೇಲೆ ಕಷ್ಟ” ಎಂದು ಅಧಿಕಾರಿ ನನ್ನ ಕಡೆ ತಿರುಗಿದರು. “ನೀವಾದ್ರೆ ಎಲ್ಲೂ ಹೋಗಲ್ಲವಲ್ಲ.”

ಅಂದಿನಿಂದ ಆ ಕಂಪನಿಯ ಒಟಿಪಿಗಳೆಲ್ಲ ನನ್ನ ಫೋನಿಗೆ. ಕ್ಲಾಸಿನಲ್ಲಿ ಕ್ರಿಯಾಪದ ಹೇಳುವಾಗ ಒಂದು, ಬಸ್ಸು ಹತ್ತುವಾಗ ಒಂದು, ಪಕ್ಕದ ಬೀದಿಯ ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗ ಒಂದು. ಬಂದ ಕೂಡಲೇ, ತನ್ನ ದೇಶಕ್ಕೆ ಮರಳಿದ್ದ ಅತಿಥಿಯ ಫೋನು: “ಮೇಡಂ, ನಂಬರ್?” ಸ್ವಲ್ಪ ತಡವಾದರೆ ಆ ಒಟಿಪಿ ಕೆಟ್ಟುಹೋಗುತ್ತದೆ, ಮತ್ತೆ ಮೊದಲಿನಿಂದ. ಫೋನ್ ಬಿಟ್ಟು ಬಚ್ಚಲಿಗೆ ಹೋಗಲೂ ಹೆದರಿಕೆ.

ಕೊನೆಗೆ ಅತ್ತೆಯವರಿಗೆ ಕನಿಕರ ಬಂತು. ನಾನು ಮನೆಯಲ್ಲಿದ್ದಾಗಲೆಲ್ಲ ಫೋನನ್ನು ತಾವೇ ಮಡಿಲಲ್ಲಿ ಇಟ್ಟುಕೊಂಡರು. ನಾನು ರೊಟ್ಟಿ ಬಡಿಯುತ್ತಿದ್ದರೆ, ಅತ್ತ ಪಡಸಾಲೆಯಲ್ಲಿ ಅವರು ಚಳಿದೇಶಕ್ಕೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು: “ಬರ್ಕೋ. ನಾಕು. ಏಳು. ಸೊನ್ನಿ. ಮತ್ತೊಂದು ಸೊನ್ನಿ. ಕೇಳಿಸ್ತಾ? ಸೊನ್ನಿ ಅಂದೆ.” ಇಂಗ್ಲಿಷಿನಲ್ಲಿ ಹೇಳಬೇಕು ಅತ್ತೆ ಎಂದರೆ, “ಅವನಿಗೆ ಬೇಕಾಗೇತಿ, ಅವನ ಕಲೀಲಿ” ಅಂದರು.

ಕಲಿತ. ಮುಂದಿನ ಸಲ ಬಂದಾಗ, ಅಧಿಕಾರಿಗೆ ಬರದ ಕನ್ನಡ ಅತಿಥಿಗೆ ಬರುತ್ತಿತ್ತು. ಸೊನ್ನೆಯಿಂದ ಒಂಬತ್ತರವರೆಗೆ ಪಟಪಟನೆ ಹೇಳಿ ತೋರಿಸಿದ. ಹತ್ತು ಮಾತ್ರ ಗೊತ್ತಿರಲಿಲ್ಲ. ಒಟಿಪಿಯಲ್ಲಿ ಹತ್ತು ಬರುವುದಿಲ್ಲವಲ್ಲ.

ನೆಲದ ಗುಣ

ಜಮೀನು ತೋರಿಸಲು ಸಿ. ಬೆಳಗಲ್ ಕಡೆ ಹೊರಟೆವು. ಹಿಂದಿನ ದಿನ ಮಳೆಯಾಗಿತ್ತು. ಇವತ್ತು ಬೇಡ, ನೆಲ ಒಣಗಲಿ ಎಂದೆ. ಅಧಿಕಾರಿ ಕೇಳಲಿಲ್ಲ. ಬೇರೆ ರಾಜ್ಯದವರು ಅತಿಥಿಯನ್ನು ಹಾರಿಸಿಕೊಂಡು ಹೋಗುತ್ತಾರೆ ಎಂಬ ಭಯ ಅವರಿಗೆ. ದಾರಿಯುದ್ದಕ್ಕೂ ಒಂದೇ ಮಾತು: “ಈ ನೆಲಕ್ಕೆ ಒಮ್ಮೆ ಕಾಲಿಟ್ಟವರು ಬಿಟ್ಟು ಹೋಗೋದೇ ಇಲ್ಲ ಅಂತ ಹೇಳಿ ಮೇಡಂ.” ಹೇಳಿದೆ.

ಅಧಿಕಾರಿ ಫೋನಿನಲ್ಲಿ ಮಾತಾಡುತ್ತ ಡಾಂಬರು ರಸ್ತೆಯ ಮೇಲೇ ಉಳಿದರು. ಅತಿಥಿ ಹುರುಪಿನಿಂದ ಎರೆಹೊಲಕ್ಕೆ ಇಳಿದ. ಎರೆಮಣ್ಣು ನೆಂದಾಗ ಹೇಗಿರುತ್ತದೆಂದು ಅವನಿಗೇನು ಗೊತ್ತು. ಬೂಟಿಗೆ ಮೆತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ದಪ್ಪವಾಗುತ್ತ ಹೋಗಿ, ಅವನು ಆನೆ ಹಾಗೆ ನಡೆಯತೊಡಗಿದ. ಹೊಲದ ನಡುವೆ ಹೋದಮೇಲೆ ಬಲಗಾಲು ಮೊಣಕಾಲಿನವರೆಗೆ ಇಳಿಯಿತು. ಜಗ್ಗಿದಷ್ಟೂ ಒಳಗೆ.

ಅಲ್ಲೇ ಜಾಲಿಗಿಡದ ಕೆಳಗೆ ಕಂಬಳಿ ಹೊದ್ದು ಒಬ್ಬ ಕುರಿ ಕಾಯುವವನು ನಿಂತಿದ್ದ. ಅವಸರವಿಲ್ಲದೆ ಬಂದು ನೋಡಿದ. “ಕಾಲು ಬೇಕೋ, ಬೂಟು ಬೇಕೋ ಕೇಳಮ್ಮಾ. ಎರಡೂ ಬರಂಗಿಲ್ಲ.”

ನಾನು ಅನುವಾದಿಸಿದೆ. ಅತಿಥಿ ಸ್ವಲ್ಪ ಯೋಚಿಸಿ ಕಾಲು ಎಂದ. ಕುರಿಯವನು ಕಂಕುಳಿಗೆ ಕೈಹಾಕಿ ಎತ್ತಿದ. ಕಾಲು ಬಂತು, ಕಾಲುಚೀಲವೂ ಬಂತು. ಬೂಟಿನ ಜಾಗದಲ್ಲಿ ಮಣ್ಣು ಕೂಡಿಕೊಂಡು ಏನೂ ಆಗಿಲ್ಲವೆಂಬಂತೆ ಸುಮ್ಮನಾಯಿತು.

“ಬ್ಯಾಸಗ್ಯಾಗ ಈ ನೆಲ ಬಾಯಿ ಬಿಡತೈತಿ. ಆವಾಗ ಬರಾಕ ಹೇಳ್ರಿ, ಕೊಟ್ಟರೂ ಕೊಡಬೌದು” ಅಂದ ಕುರಿಯವನು.

ಆ ಹೊಲಕ್ಕೆ ಇವತ್ತಿನವರೆಗೆ ಬಿದ್ದಿರುವ ವಿದೇಶಿ ಬಂಡವಾಳ ಅದೊಂದೇ. ಬಲಗಾಲಿನದು.

ಕೋಸಗಿ ಸ್ಟೇಷನ್

ಜಮೀನು ಬೇರೆ ನೋಡೋಣ, ಮೊದಲು ಕೆಲಸಗಾರರು ಸಿಗುತ್ತಾರೋ ಇಲ್ಲವೋ ತಿಳಿಯಬೇಕು ಎಂದ ಅತಿಥಿ. ಇಷ್ಟು ದಿನಕ್ಕೆ ಒಂದು ಸರಿಯಾದ ಪ್ರಶ್ನೆ ಬಂತು ಎಂದು ನಾನೇ ಮುಂದಾಗಿ ಅವರಿಬ್ಬರನ್ನೂ ಕೋಸಗಿಗೆ ಕರೆದೊಯ್ದೆ.

ಸುಗ್ಗಿಗೆ ಹೊರಡುವ ಕಾಲ. ಪ್ಲಾಟ್‌ಫಾರ್ಮಿನ ತುಂಬ ಗಂಟು, ಪಾತ್ರೆ, ಕೋಳಿಬುಟ್ಟಿ, ಮಕ್ಕಳು. ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೊರಟ ಮಂದಿ. ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ನನ್ನನ್ನು ಕಂಡು ಗಂಟಿನ ಹಿಂದೆ ಸರಿದರು. ನನಗೆ ಅಲ್ಲಿ ನಿಲ್ಲಲೂ ಆಗಲಿಲ್ಲ, ಬಿಟ್ಟು ಬರಲೂ ಆಗಲಿಲ್ಲ. ರೈಲು ಯಾವ ಗಳಿಗೆಯಲ್ಲಾದರೂ ಬರುವಂತಿತ್ತು. ಅಧಿಕಾರಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು.

ಅತಿಥಿ ಒಬ್ಬ ನಡುವಯಸ್ಸಿನ ಹೆಂಗಸಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಇಲ್ಲೇ ಕೆಲಸ ಸಿಕ್ಕರೆ ಊರು ಬಿಡದೆ ಇರುತ್ತೀರಾ ಎಂದು ನನ್ನ ಬಾಯಿಂದ ಕೇಳಿಸಿದ.

ಆಕೆ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. “ಅದು ಇರ್ಲಿ. ಈಯಪ್ಪ ಯಾವೂರಾವ?”

ದೂರದ ದೇಶ, ಕೆಲಸದ ಮೇಲೆ ಬಂದಾನೆ ಎಂದೆ.

“ಹೆಂಡ್ತಿ ಮಕ್ಳು?”

ಕೇಳಿ ಹೇಳಿದೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದಿದ್ದಾನೆ.

ಆಕೆಯ ಮುಖ ಇಳಿಯಿತು. “ಅಯ್ಯ ಪಾಪ, ಈಯಪ್ಪನೂ ಸುಗ್ಗಿಗೇ ಬಂದಾನ” ಎಂದು ಪಕ್ಕದವಳಿಗೆ ಹೇಳಿದಳು. ಗಂಟು ಬಿಚ್ಚಿ ಒಂದು ಜೋಳದ ರೊಟ್ಟಿ, ಮೇಲೆ ಶೇಂಗಾಪುಡಿ ಇಟ್ಟು ಅವನ ಕೈಗೆ ಕೊಟ್ಟಳು. ಅವನು ತಿಂದ. ತಿಂದು ಮುಗಿಸಿದ ಮೇಲೆ ಆಕೆ ಅತ್ತಿಂದಿತ್ತ ಓಡಾಡುತ್ತಿದ್ದ ಅಧಿಕಾರಿಯ ಕಡೆ ಗದ್ದ ಮಾಡಿ ಕೇಳಿದಳು:

“ಇವನ ಮೇಸ್ತ್ರಿ ಆಯಪ್ಪನಾ?”

ಕೂಲಿಗೆ ಕರೆದುಕೊಂಡು ಹೋಗುವವನೇ ಮೇಸ್ತ್ರಿ. ಯೋಚಿಸಿದರೆ ಸುಳ್ಳೇನಲ್ಲ. ಹೌದು ಎಂದೆ.

“ಅಡ್ವಾನ್ಸ್ ಕೊಟ್ಟಾನಾ?”

“ಇನ್ನಾ ಇಲ್ಲ. ಕೆಲಸ ಶುರು ಮಾಡಿದಮ್ಯಾಲೆ ಎಲ್ಲಾ ಕೊಡ್ತೀನಿ ಅಂತಾನ.”

ಆಕೆ ನಕ್ಕಳು. “ಎಲ್ಲಾ ಮೇಸ್ತ್ರಿಗೋಳೂ ಹಂಗ ಅಂತಾವು. ಅಡ್ವಾನ್ಸ್ ಕೈಗೆ ಬರೋತನಕ ಗಂಟು ಕಟ್ಟಬ್ಯಾಡ ಅಂತ ಹೇಳಮ್ಮಾ ಅವನಿಗೆ. ನಾವೂ ಮೊದಮೊದಲ ಹಿಂಗ ಮೋಸ ಹೋದೋರ.”

ಇದನ್ನು ಮಾತ್ರ ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದೆ. ಅತಿಥಿ ಗಂಭೀರವಾಗಿ ತಲೆಯಾಡಿಸಿ, ತನ್ನ ಹೆಡ್ ಆಫೀಸಿನವರೂ ಇದನ್ನೇ ಹೇಳುತ್ತಾರೆ ಎಂದ. ಎದ್ದು ನೇರ ಅಧಿಕಾರಿಯ ಹತ್ತಿರ ಹೋಗಿ, ಸಬ್ಸಿಡಿಯಲ್ಲಿ ಅರ್ಧ ಮೊದಲೇ ಬಂದರೆ ಮಾತ್ರ ಮುಂದಿನ ಮಾತು ಎಂದುಬಿಟ್ಟ.

ಅಧಿಕಾರಿಯ ಓಡಾಟ ಆ ವರ್ಷದಲ್ಲಿ ಮೊದಲ ಸಲ ನಿಂತಿತು. “ಆವಿಡ ಏಮಂದಿ?” ಎಂದು ನನ್ನನ್ನು ಕೇಳಿದರು, ಆಕೆ ಏನಂದಳು ಅಂತ. ರೊಟ್ಟಿ ಕೊಟ್ಟಳು ಸಾರ್ ಎಂದೆ.

ಅಷ್ಟರಲ್ಲಿ ರೈಲು ಬಂತು. ಗಂಟು, ಪಾತ್ರೆ, ಕೋಳಿಬುಟ್ಟಿ ಎಲ್ಲ ಒಂದೇ ಬಾಗಿಲಿಗೆ ನುಗ್ಗಿದವು. ನನ್ನ ಹುಡುಗಿಯರು ಹತ್ತುವಾಗ, ಪರೀಕ್ಷೆಗೆ ಬರ್ತೀವಿ ಮೇಡಂ ಅಂದರು. ಆ ಹೆಂಗಸು ಕಿಟಕಿಯಲ್ಲಿ ಮುಖ ಹಾಕಿ, ದುಡ್ಡಿನ ಮಾತು ಏನಾಯಿತು ಎಂದು ಕೈಸನ್ನೆ ಮಾಡಿದಳು. ಇನ್ನೂ ಇಲ್ಲ ಎಂದು ನಾನು ತಲೆ ಅಲ್ಲಾಡಿಸಿದೆ.

“ಹಂಗಾದ್ರ ಅವನ್ನ ಬಿಟ್ಟು ನಮ್ಮ ಜೊತಿ ಬಾ ಅನ್ನು” ಎಂದು ಕೂಗಿದಳು. “ನಮ್ಮ ಮೇಸ್ತ್ರಿ ಅಡ್ವಾನ್ಸ್ ಕೊಟ್ಟೇ ಕರಕಂಡು ಹೋಗ್ತಾನ.”

ಅದನ್ನೂ ಹೇಳಿದೆ. ಅತಿಥಿ ಹಲ್ಲಿಗೆ ಸಿಕ್ಕ ಶೇಂಗಾಪುಡಿ ಸವರಿಕೊಳ್ಳುತ್ತ ರೈಲಿನ ಕಡೆ ಒಂದು ಹೆಜ್ಜೆ ಇಟ್ಟ, ಕೈಬೀಸಲೋ ಹತ್ತಲೋ ನನಗೆ ತಿಳಿಯಲಿಲ್ಲ. ಅಧಿಕಾರಿಗೂ ತಿಳಿಯಲಿಲ್ಲ. ಫೋನನ್ನು ನನ್ನ ಕೈಗೆ ತುರುಕಿ, ಎರಡೂ ಕೈಯಿಂದ ಅವನ ಬೆಲ್ಟು ಹಿಡಿದು, ರೈಲು ಪೂರ್ತಿ ಹೋಗುವವರೆಗೂ ಬಿಡಲಿಲ್ಲ.